ಡೊರೊಥಿ ಡೇ ಓದಿರೆಂದ ಪುಸ್ತಕಗಳು

ಪತ್ರಿಕೆಗಳಲ್ಲಿ ಬರುವ ಪುಸ್ತಕ ಪರಿಚಯಗಳು ಎರಡು ಬಗೆಯವು. ವಿಮರ್ಶಕನು ಕೃತಿಯನ್ನು ತಕ್ಕಡಿಯಲ್ಲಿಟ್ಟು ತೂಗಿ ಗುಣದೋಷಗಳನ್ನು ಹೇಳುವುದು ಒಂದು ಬಗೆ. ತನ್ನ ಬಾಳಿಗೆ ಆಸರೆಯಾದ ಗ್ರಂಥವನ್ನು ಪತ್ರಕರ್ತನು ವಾಚಕರ ಕೈಗಿತ್ತು, 'ಸಾಧ್ಯವಾದರೆ ಇದನ್ನು ಓದಿರಿ' ಎಂದಷ್ಟೇ ಬಿನ್ನವಿಸುವುದು ಇನ್ನೊಂದು. ಈ ಎರಡನೆಯ ಬಗೆಯಲ್ಲಿ ಅಮೆರಿಕದ ಕಥೋಲಿಕ ಪತ್ರಕರ್ತೆ ಡೊರೊಥಿ ಡೇ (1897-1980) ಅವರಿಗೆ ಸಾಟಿಯಾದವರು ವಿರಳವೆಂದೇ ನಮ್ಮ ಎಣಿಕೆ.

1933ರ ಮೇ 1ರಂದು, ಆರ್ಥಿಕ ಕುಸಿತದ ಕಡುದಿನಗಳಲ್ಲಿ, ನ್ಯೂಯಾರ್ಕ್ ನಗರದ ಯೂನಿಯನ್ ಚೌಕದಲ್ಲಿ ನೆರೆದ ಕಾರ್ಮಿಕರ ನಡುವೆ 'ಕ್ಯಾಥೊಲಿಕ್ ವರ್ಕರ್' ಪತ್ರಿಕೆಯ ಮೊದಲ ಸಂಚಿಕೆ ಮಾರಾಟಕ್ಕೆ ಬಂದಿತು. ಅಚ್ಚಾದ ಪ್ರತಿಗಳು 2,500; ಬೆಲೆ ಒಂದು ಸೆಂಟ್. ಪತ್ರಿಕೆಯ ಬೆನ್ನಲ್ಲೇ ಹಸಿದವರಿಗೆ ಊಟವನ್ನೂ ನಿರಾಶ್ರಿತರಿಗೆ ಹಾಸಿಗೆಯನ್ನೂ ನೀಡುವ ಆತಿಥ್ಯದ ಮನೆಗಳು ಹುಟ್ಟಿಕೊಂಡವು. ಡೇ ಅವರ ಅಂಕಣದಲ್ಲಿ ಮುಷ್ಕರದ ಸುದ್ದಿ, ತೀರಿಸಬೇಕಾದ ಸಾಲ, ತಾವು ಓದುತ್ತಿರುವ ಕಾದಂಬರಿ ಇವೆಲ್ಲವೂ ಅಕ್ಕಪಕ್ಕದಲ್ಲೇ ಇರುತ್ತಿದ್ದವು.

ಓದು ಅವರನ್ನು ಮನೆಯೊಳಗೆ ಕೂಡಿಹಾಕಲಿಲ್ಲ, ಬೀದಿಗೆ ಕರೆದೊಯ್ದಿತು. ಷಿಕಾಗೊ ನಗರದ ಕಸಾಯಿಖಾನೆಗಳಲ್ಲಿ ದುಡಿಯುವ ವಲಸಿಗರ ಬವಣೆಯನ್ನು ಚಿತ್ರಿಸುವ ಅಪ್ಟನ್ ಸಿಂಕ್ಲೇರರ 'ದಿ ಜಂಗಲ್' (1906) ಕಾದಂಬರಿಯನ್ನು ಅದೇ ನಗರದಲ್ಲಿದ್ದ ಹದಿಹರೆಯದ ಡೊರೊಥಿ ಓದಿದರು. ಬಳಿಕ ಪುಟ್ಟ ತಮ್ಮನನ್ನು ಕೈಗಾಡಿಯಲ್ಲಿ ಕುಳ್ಳಿರಿಸಿಕೊಂಡು ಆ ಬಡ ಕೇರಿಗಳಲ್ಲೇ ನಡೆದಾಡತೊಡಗಿದರು. 1917ರಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಶ್ವೇತಭವನದ ಮುಂದೆ ಧರಣಿ ನಿಂತು ಸೆರೆಮನೆ ಸೇರಿದಾಗ ಅವರು ಕೇಳಿ ಪಡೆದ ಗ್ರಂಥ ಬೈಬಲ್. ಅದರೊಳಗಿನ ಕೀರ್ತನೆಗಳು ಅವರನ್ನು ಮತ್ತೆಂದೂ ಬಿಡಲಿಲ್ಲ. ಆಗ ಅವರಿನ್ನೂ ಕಥೋಲಿಕರಾಗಿರಲಿಲ್ಲ. ಧರ್ಮಸಭೆಯನ್ನು ಸೇರಿದ್ದು 1927ರ ಡಿಸೆಂಬರಿನಲ್ಲಿ.

ಆದರೆ ಅವರು ಮತ್ತೆ ಮತ್ತೆ ಹೆಸರಿಸಿದ ಲೇಖಕ ದಾಸ್ತೊಯೆವ್‌ಸ್ಕಿ, ಅದರಲ್ಲಿಯೂ ಆತನ 'ಕರಮಜೋವ್ ಸಹೋದರರು'. ಆ ಕಾದಂಬರಿಯಲ್ಲೊಂದು ಪ್ರಸಂಗವಿದೆ. ಸಿರಿವಂತ ವಿಧವೆಯೊಬ್ಬಳು ಮಠದ ಹಿರಿಯ ಜೊಸೀಮಾನ ಬಳಿಗೆ ಬಂದು, ಎಲ್ಲವನ್ನೂ ತೊರೆದು ರೋಗಿಗಳ ಶುಶ್ರೂಷೆಗೆ ಹೋಗಿಬಿಡುವ ಕನಸು ಕಾಣುತ್ತೇನೆಂದು ಹೇಳಿಕೊಳ್ಳುತ್ತಾಳೆ. ಆದರೆ ರೋಗಿಯು ಕೃತಜ್ಞತೆ ತೋರದೆ ಗೊಣಗಾಡಿದರೆ ತನ್ನ ಪ್ರೀತಿ ಅಲ್ಲಿಗೇ ತಣ್ಣಗಾದೀತೆಂಬ ಭಯವೂ ಆಕೆಗಿದೆ. ಅದಕ್ಕೆ ಆ ಹಿರಿಯನು ತನಗೆ ಪರಿಚಿತನಾದ ವೈದ್ಯನೊಬ್ಬನ ವಿಷಯ ತಿಳಿಸುತ್ತಾನೆ. ಇಡೀ ಮಾನವಕುಲವನ್ನು ಪ್ರೀತಿಸುತ್ತಿದ್ದ ಆ ವೈದ್ಯನಿಗೆ ಒಬ್ಬ ಮನುಷ್ಯನೊಡನೆ ಎರಡು ದಿನ ಒಂದೇ ಕೋಣೆಯಲ್ಲಿರುವುದು ಅಸಹನೀಯ. ಒಬ್ಬನು ಊಟಕ್ಕೆ ಬಹಳ ಹೊತ್ತು ತೆಗೆದುಕೊಳ್ಳುತ್ತಾನೆ, ಇನ್ನೊಬ್ಬನು ನೆಗಡಿಯಿಂದ ಮೂಗು ಸೀಟುತ್ತಲೇ ಇರುತ್ತಾನೆ! ಆತಿಥ್ಯದ ಮನೆಯಲ್ಲಿ ಕುಡುಕರು, ಜಗಳಗಂಟರು, ಬುದ್ಧಿ ಕೆಟ್ಟವರು ಇವರೆಲ್ಲರೊಡನೆ ಒಂದೇ ಸೂರಿನಡಿ ಬದುಕಿದ ಹೆಣ್ಣುಮಗಳು ಈ ಪುಟಗಳನ್ನು ಬಲ್ಲ ಬಗೆಯೇ ಬೇರೆ. ನಾವಾದರೋ ಗುರುಮಠದಲ್ಲಿ ಪರಸ್ನೇಹದ ಲಕ್ಷಣವನ್ನು ಅದರ ಭೇದೋಪಭೇದಗಳೊಂದಿಗೆ ಕಂಠಪಾಠ ಮಾಡಿದವರು. ಆ ನೆಗಡಿಯ ಮನುಷ್ಯನಿಗೆ ನಮ್ಮ ಪಠ್ಯದಲ್ಲಿ ಜಾಗವಿರಲಿಲ್ಲ.

ಇಲ್ಲೊಂದು ತೊಡಕಿನ ಪ್ರಶ್ನೆಯಿದೆ. ದಾಸ್ತೊಯೆವ್‌ಸ್ಕಿ ಕಥೋಲಿಕ ಧರ್ಮಸಭೆಯ ಕಟು ಟೀಕಾಕಾರ. ಅದೇ ಕಾದಂಬರಿಯ 'ಮಹಾ ವಿಚಾರಣಾಧಿಕಾರಿ'ಯ ಅಧ್ಯಾಯವು ರೋಮಿನ ಮೇಲೆ ಮಾಡಿದ ಆರೋಪವೇ ಆಗಿದೆ. ಸಿಂಕ್ಲೇರ್ ಸಮಾಜವಾದಿ. ಡೇ ಮೆಚ್ಚಿಕೊಂಡ 'ಬ್ರೆಡ್ ಅಂಡ್ ವೈನ್' ಕಾದಂಬರಿಯ ಇಟಲಿಯ ಲೇಖಕ ಇನ್ಯಾಜಿಯೊ ಸಿಲೋನೆ ಒಂದು ಕಾಲದ ಕಮ್ಯೂನಿಸ್ಟ್. ಪತ್ರಿಕೆಯ ಸಹಸ್ಥಾಪಕ ಪೀಟರ್ ಮೋರಿನ್ ವಾಚಕರಿಗೆಂದು ಬರೆದುಕೊಟ್ಟ ಪುಸ್ತಕಪಟ್ಟಿಯಲ್ಲಿ ಅರಾಜಕತಾವಾದಿ ಕ್ರೊಪೊಟ್ಕಿನ್ ಕೂಡ ಇದ್ದಾನೆ! ಧರ್ಮಸಭೆಯ 'ನಿಷಿದ್ಧ ಗ್ರಂಥಗಳ ಪಟ್ಟಿ' 1966ರವರೆಗೂ ಜಾರಿಯಲ್ಲಿದ್ದುದನ್ನು ನೆನೆದರೆ, ಕಥೋಲಿಕ ಪತ್ರಿಕೆಯೊಂದರಲ್ಲಿ ಇಂತಹ ಹೆಸರುಗಳು ಅಚ್ಚಾದುದು ಸಣ್ಣ ಮಾತಲ್ಲ.

ಪಟ್ಟಿ ಹೋಯಿತು, ಅಂಜಿಕೆ ಹೋಗಲಿಲ್ಲ. ಮಗ ಯಾವುದೋ ಕಾದಂಬರಿ ಹಿಡಿದು ಕುಳಿತರೆ 'ಬರೆದವರು ನಮ್ಮವರೇ?' ಎಂದು ವಿಚಾರಿಸುವ ಮನೆಗಳು ಇಂದಿಗೂ ಇವೆ. ವಾದವನ್ನು ಬಿಟ್ಟು ವಾದಿಯ ಕುಲಗೋತ್ರವನ್ನು ಹಿಡಿಯುವುದು ತರ್ಕಶಾಸ್ತ್ರದ ಮೊದಲ ಪಾಠದಲ್ಲೇ ಬರುವ ದೋಷ. ಅಕ್ವಿನಾಸಿನ ಸಂತ ತೋಮಸರು ಅರಿಸ್ಟಾಟಲನಿಂದ ಕಲಿಯುವ ಮುನ್ನ ಅವನ ದೀಕ್ಷಾಸ್ನಾನದ ಪತ್ರವನ್ನು ಕೇಳಲಿಲ್ಲವಷ್ಟೆ. ಗುರು ಅಭ್ಯರ್ಥಿಗಳ ತರಬೇತಿಯಲ್ಲಿ ಕಾದಂಬರಿ, ಕವಿತೆಗಳ ಓದಿಗೆ ಸ್ಥಾನವಿರಲೆಂದು ಜಗದ್ಗುರು ಫ್ರಾನ್ಸಿಸ್‌ರವರು 2024ರಲ್ಲಿ ಪತ್ರವನ್ನೇ ಬರೆದರು. ನಮ್ಮ ತಲೆಮಾರಿಗೆ ಅದು ತಡವಾಗಿ ಬಂದಿತು.

ಹಾಗೆಂದು ಡೇ ಅವರ ರುಚಿ ಹೊರಗಿನವರಿಗಷ್ಟೇ ಮೀಸಲಾಗಿರಲಿಲ್ಲ. ಧರ್ಮಸಭೆಯನ್ನು ಸೇರಿದ ಹೊಸದರಲ್ಲಿ ಪಾಪನಿವೇದನೆ ಕೇಳುತ್ತಿದ್ದ ಗುರುಗಳು ಅವರಿಗೆ ಲಿಸ್ಯೂವಿನ ಸಂತ ತೆರೇಸಮ್ಮನವರ ಆತ್ಮಕಥೆಯನ್ನು ಕೊಟ್ಟರು. ಅದು ಅವರಿಗೆ ತೀರ ಸಪ್ಪೆಯೆನಿಸಿತು. ಕ್ರಾಂತಿಕಾರಿಗಳ ನಡುವೆ ಬೆಳೆದವರಿಗೆ, ಕಾನ್ವೆಂಟಿನ ನಾಲ್ಕು ಗೋಡೆಗಳೊಳಗೆ 24ನೆಯ ವಯಸ್ಸಿನಲ್ಲಿ ತೀರಿಕೊಂಡ ಕನ್ಯಾಸ್ತ್ರೀಯ ಕಿರುದುಃಖಗಳು ಏನು ಹೇಳಿಯಾವು? ವರ್ಷಗಟ್ಟಲೆ ಬಡವರ ನಡುವೆ ಬಾಳಿದ ಮೇಲೆ, ಕಣ್ಣಿಗೆ ಬೀಳದ ಕಿರುಕೆಲಸವನ್ನು ಪ್ರೀತಿಯಿಂದ ಮಾಡುವ ಆ 'ಸಣ್ಣ ದಾರಿ'ಯ ಬಲ ಅವರಿಗೆ ಗೋಚರಿಸಿತು. 1960ರಲ್ಲಿ ತಾವೇ ಆ ಸಂತಳ ಜೀವನಚರಿತ್ರೆಯೊಂದನ್ನು ಪ್ರಕಟಿಸಿದರು. ಗುರುಗಳು ಕೊಟ್ಟ ಪುಸ್ತಕ ತಮಗೆ ಮೊದಲು ಹಿಡಿಸಲಿಲ್ಲವೆಂಬುದನ್ನು ಅದರಲ್ಲಿ ಮುಚ್ಚಿಡಲೂ ಇಲ್ಲ. ಪುಸ್ತಕ ಕೊಟ್ಟವರು ಕಾಯಬೇಕಾಗುತ್ತದೆ. ಕೆಲವೊಮ್ಮೆ ಮೂವತ್ತು ವರ್ಷ.

ವಾಚಕರು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ಇಂಗ್ಲಿಷ್ ಓದಬಲ್ಲವರಿಗೆ ಡೇ ಅವರ ಆತ್ಮಕಥೆ 'ದಿ ಲಾಂಗ್ ಲೋನ್ಲಿನೆಸ್' (1952) ಇದೆ. ಕನ್ನಡದಲ್ಲೇ ಓದಬಯಸುವವರಿಗೆ, ಅವರು ಬಹುವಾಗಿ ಪ್ರೀತಿಸಿದ ಇನ್ನೊಬ್ಬ ಲೇಖಕ ಟಾಲ್‌ಸ್ಟಾಯ್‌ನ 'ಯುದ್ಧ ಮತ್ತು ಶಾಂತಿ'ಯನ್ನು ಓ. ಎಲ್. ನಾಗಭೂಷಣ ಸ್ವಾಮಿಯವರು ಅನುವಾದಿಸಿದ್ದಾರೆ. ಗಾತ್ರ ದೊಡ್ಡದು, ಮಳೆಗಾಲವೂ ದೊಡ್ಡದೇ. ನಮ್ಮ ಧರ್ಮಕೇಂದ್ರದ ಪುಸ್ತಕದ ಕಪಾಟು ಭಾನುವಾರದ ಎರಡನೆಯ ಬಲಿಪೂಜೆಯ ಬಳಿಕ ತೆರೆದಿರುತ್ತದೆ.