ಡಿ ಲಾಯ್ಸ್ ವಾನರ

ಡಿ ಲಾಯ್ಸ್ ವಾನರ ಎಂಬುದು ದಕ್ಷಿಣ ಅಮೆರಿಕ ಖಂಡದ ವೆನೆಜುವೆಲಾ ಮತ್ತು ಕೊಲಂಬಿಯಾ ದೇಶಗಳ ಗಡಿಭಾಗದ ಕಾಡಿನಲ್ಲಿ ಕೊಲ್ಲಲ್ಪಟ್ಟಿತೆಂದು ಹೇಳಲಾದ, ಬಾಲವಿಲ್ಲದ ದೊಡ್ಡ ವಾನರವೊಂದಕ್ಕೆ ಬಳಕೆಯಲ್ಲಿರುವ ಹೆಸರು. ಸ್ವಿಟ್ಜರ್ಲೆಂಡಿನ ಭೂವಿಜ್ಞಾನಿ ಫ್ರಾಂಸ್ವಾ ಡಿ ಲಾಯ್ಸ್ ಅವರ ಬಳಿಯಿದ್ದ ಒಂದು ಛಾಯಾಚಿತ್ರವೇ ಈ ಪ್ರಾಣಿಯ ಅಸ್ತಿತ್ವಕ್ಕೆ ನೀಡಲಾದ ಏಕೈಕ ಸಾಕ್ಷ್ಯ. 1929ರಲ್ಲಿ ಮಾನವಶಾಸ್ತ್ರಜ್ಞ ಜಾರ್ಜ್ ಮಾಂಟಂಡನ್ ಅವರು ಈ ಚಿತ್ರವನ್ನು ಆಧರಿಸಿ ಪ್ರಾಣಿಗೆ ಅಮೆರಾಂತ್ರೊಪಾಯಿಡಿಸ್ ಲಾಯ್ಸಿ ಎಂಬ ವೈಜ್ಞಾನಿಕ ಹೆಸರನ್ನಿಟ್ಟರು. ಆಧುನಿಕ ಪ್ರಾಣಿವಿಜ್ಞಾನವು ಇದನ್ನು ಪ್ರತ್ಯೇಕ ಪ್ರಾಣಿಯೆಂದು ಒಪ್ಪುವುದಿಲ್ಲ. ಚಿತ್ರದಲ್ಲಿರುವುದು ಆ ಪ್ರದೇಶದಲ್ಲಿಯೇ ವಾಸಿಸುವ ಜೇಡ ಕೋತಿ ಎಂಬುದು ತಜ್ಞರ ನಿರ್ಣಯ. ಒಂದು ಸಿದ್ಧಾಂತಕ್ಕೆ ಬೇಕಾದ ಪುರಾವೆಯನ್ನು ಪರೀಕ್ಷಿಸದೆ ಸ್ವೀಕರಿಸಿದರೆ ಏನಾಗುತ್ತದೆ ಎಂಬುದಕ್ಕೆ ಈ ಪ್ರಕರಣವನ್ನು ಉದಾಹರಣೆಯಾಗಿ ನೀಡಲಾಗುತ್ತದೆ.

ಹಿನ್ನೆಲೆ

ಗೊರಿಲ್ಲಾ, ಚಿಂಪಾಂಜಿ, ಬೊನೊಬೊ, ಒರಾಂಗುಟಾನ್ ಮತ್ತು ಗಿಬ್ಬನ್‌ಗಳು ಬಾಲವಿಲ್ಲದ ವಾನರಗಳ ಗುಂಪಿಗೆ ಸೇರುತ್ತವೆ. ಇವು ಆಫ್ರಿಕ ಮತ್ತು ಏಷ್ಯಾ ಖಂಡಗಳಲ್ಲಿ ಮಾತ್ರ ಕಂಡುಬರುತ್ತವೆ. ಅಮೆರಿಕ ಖಂಡಗಳಲ್ಲಿ ಇಂತಹ ವಾನರಗಳು ಜೀವಂತವಾಗಿಯಾಗಲಿ, ಪಳೆಯುಳಿಕೆಯ ರೂಪದಲ್ಲಿಯಾಗಲಿ ದೊರೆತಿಲ್ಲ. ಅಲ್ಲಿರುವ ಕೋತಿಗಳನ್ನು 'ಹೊಸ ಜಗತ್ತಿನ ಕೋತಿಗಳು' ಎಂದು ಕರೆಯುತ್ತಾರೆ. ಇವುಗಳ ಮೂಗಿನ ಹೊಳ್ಳೆಗಳು ಪರಸ್ಪರ ದೂರವಾಗಿದ್ದು ಪಕ್ಕಕ್ಕೆ ತೆರೆದುಕೊಂಡಿರುತ್ತವೆ. ಕೆಲವು ಪ್ರಭೇದಗಳು ಬಾಲದಿಂದ ಕೊಂಬೆಯನ್ನು ಹಿಡಿದು ನೇತಾಡಬಲ್ಲವು. ಭಾರತದ ಮಂಗ ಮತ್ತು ಮುಸುವಗಳಿಗೆ ಉದ್ದನೆಯ ಬಾಲವಿದ್ದರೂ ಅದಕ್ಕೆ ಹೀಗೆ ಹಿಡಿಯುವ ಶಕ್ತಿಯಿಲ್ಲ.

ಆದರೂ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮನುಷ್ಯನನ್ನು ಹೋಲುವ ದೊಡ್ಡ ವಾನರವಿದೆ ಎಂಬ ಕಥೆಗಳು ಹಿಂದಿನಿಂದಲೂ ಪ್ರಚಲಿತವಾಗಿವೆ. ಸ್ಪ್ಯಾನಿಷ್ ಭಾಷೆಯಲ್ಲಿ ಇದಕ್ಕೆ 'ಮೋನೊ ಗ್ರಾಂಡೆ', ಅಂದರೆ 'ದೊಡ್ಡ ಕೋತಿ' ಎಂಬ ಹೆಸರಿದೆ. 1800ರಲ್ಲಿ ಒರಿನೊಕೊ ನದಿಯ ಪ್ರದೇಶದಲ್ಲಿ ಸಂಚರಿಸಿದ ಜರ್ಮನ್ ನಿಸರ್ಗ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಅವರು 'ಸಾಲ್ವಾಹೆ' ಎಂಬ ರೋಮಮಯ ಕಾಡುಮನುಷ್ಯನ ಕಥೆಯನ್ನು ಕೇಳಿದ್ದರು. ಆತ ಗುಡಿಸಲು ಕಟ್ಟುತ್ತಾನೆ, ಹೆಂಗಸರನ್ನು ಹೊತ್ತೊಯ್ಯುತ್ತಾನೆ ಎಂದು ಜನರು ನಂಬಿದ್ದರು. ಹಂಬೋಲ್ಟ್ ಇದನ್ನು ನಂಬಲಿಲ್ಲ. ಮನುಷ್ಯನ ಹೆಜ್ಜೆಯನ್ನು ಹೋಲುವ ಗುರುತುಗಳನ್ನು ಬಿಡುವ ದೊಡ್ಡ ಕರಡಿಯೊಂದು ಈ ಕಥೆಗೆ ಮೂಲವಾಗಿರಬಹುದೆಂದು ಅವರು ಊಹಿಸಿದರು.

ಡಿ ಲಾಯ್ಸ್ ಹೇಳಿದ ಘಟನೆ

ಫ್ರಾಂಸ್ವಾ ಡಿ ಲಾಯ್ಸ್ ಅವರು 1917ರಿಂದ 1920ರವರೆಗಿನ ಅವಧಿಯಲ್ಲಿ ವೆನೆಜುವೆಲಾದ ಮಾರಾಕೈಬೊ ಸರೋವರದ ಆಸುಪಾಸಿನಲ್ಲಿ ತೈಲ ನಿಕ್ಷೇಪಗಳ ಶೋಧದಲ್ಲಿ ತೊಡಗಿದ್ದರು. ಆ ಕಾಲದಲ್ಲಿ ಪೆರಿಹಾ ಪರ್ವತಶ್ರೇಣಿಯ ಬಳಿಯ ಕಾಡುಗಳು ಹೊರಗಿನವರಿಗೆ ದುರ್ಗಮವಾಗಿದ್ದವು. ರೋಗಗಳಿಂದಲೂ ಮೂಲನಿವಾಸಿಗಳೊಂದಿಗಿನ ಘರ್ಷಣೆಯಿಂದಲೂ ತಂಡದ ಹಲವರು ಪ್ರಾಣ ಕಳೆದುಕೊಂಡರೆಂದು ಡಿ ಲಾಯ್ಸ್ ಅವರ ಕಥನ ತಿಳಿಸುತ್ತದೆ.

ಆ ಕಥನದ ಪ್ರಕಾರ, ತಾರ್ರಾ ನದಿಯ ಸಮೀಪ ತಂಡವು ಬೀಡುಬಿಟ್ಟಿದ್ದಾಗ ಎರಡು ದೊಡ್ಡ ಪ್ರಾಣಿಗಳು ಪೊದೆಗಳನ್ನು ಹಿಡಿದುಕೊಂಡು ಎರಡೇ ಕಾಲಿನ ಮೇಲೆ ನಡೆಯುತ್ತ ಎದುರಿಗೆ ಬಂದವು. ಅವು ಅರಚುತ್ತ, ಕೊಂಬೆಗಳನ್ನು ಮುರಿಯುತ್ತ, ಕೊನೆಗೆ ತಮ್ಮ ಮಲವನ್ನೇ ಎತ್ತಿ ಎಸೆದವು. ತಂಡದವರು ಗುಂಡು ಹಾರಿಸಿದಾಗ ಹೆಣ್ಣು ಪ್ರಾಣಿ ಸತ್ತಿತು. ಗಂಡು ಕಾಡಿನೊಳಗೆ ಓಡಿಹೋಯಿತು. ಸತ್ತ ಪ್ರಾಣಿಯನ್ನು ಮರದ ಪೆಟ್ಟಿಗೆಯೊಂದರ ಮೇಲೆ ಕುಳ್ಳಿರಿಸಿ, ತಲೆ ಬಾಗದಂತೆ ಗದ್ದದ ಕೆಳಗೆ ಕೋಲೊಂದನ್ನು ಊರುಗೊಟ್ಟು ಛಾಯಾಚಿತ್ರ ತೆಗೆಯಲಾಯಿತು.

ಬಳಿಕ ಪ್ರಾಣಿಯ ಚರ್ಮವನ್ನು ಸುಲಿದು ತಲೆಬುರುಡೆಯನ್ನು ಇಟ್ಟುಕೊಳ್ಳಲಾಯಿತಾದರೂ ಅವೆರಡೂ ಉಳಿಯಲಿಲ್ಲವೆಂದು ಡಿ ಲಾಯ್ಸ್ ಹೇಳಿದರು. ಅಡುಗೆಯವನು ಬುರುಡೆಯನ್ನು ಉಪ್ಪು ಇಡುವ ಪಾತ್ರೆಯಾಗಿ ಬಳಸಿದ್ದರಿಂದ ಅದು ಕಳಚಿ ಹಾಳಾಯಿತು ಎಂಬುದು ಅವರ ವಿವರಣೆ. ಉಳಿದ ಛಾಯಾಚಿತ್ರಗಳು ದೋಣಿ ಮಗುಚಿದಾಗ ನೀರುಪಾಲಾದವೆಂದು ಹೇಳಲಾಯಿತು. ಹೀಗಾಗಿ ಪರೀಕ್ಷೆಗೆ ಒಳಪಡಿಸಬಹುದಾದ ಮೂಳೆ, ಚರ್ಮ ಅಥವಾ ಹಲ್ಲು ಯಾವುದೂ ವಿಜ್ಞಾನಿಗಳಿಗೆ ದೊರೆಯಲಿಲ್ಲ.

ಪ್ರಕಟಣೆ ಮತ್ತು ನಾಮಕರಣ

ಯುರೋಪಿಗೆ ಮರಳಿದ ನಂತರ ಡಿ ಲಾಯ್ಸ್ ಹಲವು ವರ್ಷಗಳ ಕಾಲ ಈ ವಿಷಯವನ್ನು ಪ್ರಕಟಿಸಲಿಲ್ಲ. ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಬಗ್ಗೆ ಮಾಹಿತಿ ಹುಡುಕುತ್ತಿದ್ದ ಮಾಂಟಂಡನ್ ಅವರು ಡಿ ಲಾಯ್ಸ್ ಅವರ ಕಾಗದಪತ್ರಗಳ ನಡುವೆ ಈ ಚಿತ್ರವನ್ನು ಕಂಡರು. 1929ರ ಮಾರ್ಚ್‌ನಲ್ಲಿ ಅವರು ಪ್ಯಾರಿಸ್‌ನ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದೆ ಇದನ್ನು ಹೊಸ ವಾನರವೆಂದು ಮಂಡಿಸಿದರು. ಅವರು ಇಟ್ಟ ಹೆಸರಿನ ಮೊದಲ ಭಾಗವು 'ಅಮೆರಿಕದ ಮಾನವಸದೃಶ ಪ್ರಾಣಿ' ಎಂಬ ಅರ್ಥವನ್ನು ಸೂಚಿಸುತ್ತದೆ. ಎರಡನೆಯ ಭಾಗವು ಡಿ ಲಾಯ್ಸ್ ಅವರ ಗೌರವಾರ್ಥವಾಗಿದೆ. ಪ್ರಾಣಿಯ ಎತ್ತರ 157 ಸೆಂ.ಮೀ., ಹಲ್ಲುಗಳು 32, ಬಾಲವಿಲ್ಲ ಎಂದು ಪ್ರತಿಪಾದಿಸಲಾಯಿತು. ಅದೇ ವರ್ಷದ ಜೂನ್ 15ರಂದು 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯಲ್ಲಿ ಡಿ ಲಾಯ್ಸ್ ಅವರ ಲೇಖನ ಪ್ರಕಟವಾಗಿ ಚಿತ್ರವು ವ್ಯಾಪಕವಾಗಿ ಪ್ರಸಿದ್ಧಿಗೆ ಬಂದಿತು.

ಜನಾಂಗೀಯ ಸಿದ್ಧಾಂತದೊಂದಿಗಿನ ಸಂಬಂಧ

ಮಾಂಟಂಡನ್ ಅವರ ಆಸಕ್ತಿ ಕೇವಲ ಒಂದು ಹೊಸ ಪ್ರಾಣಿಗೆ ಸೀಮಿತವಾಗಿರಲಿಲ್ಲ. ಇಟಲಿಯ ಪ್ರಾಣಿವಿಜ್ಞಾನಿ ಡೇನಿಯಲೆ ರೋಸಾ ಅವರ 'ಹೋಲೋಜೆನೆಸಿಸ್' ಎಂಬ ವಾದವನ್ನು ಅವರು ಮಾನವನಿಗೆ ಅನ್ವಯಿಸಿದ್ದರು. ಮಾನವಕುಲವು ಒಂದೇ ಪ್ರದೇಶದಲ್ಲಿ ಹುಟ್ಟಿ ಹರಡಿದ್ದಲ್ಲ, ಭೂಮಿಯ ವಿಶಾಲ ಭಾಗಗಳಲ್ಲಿ ಒಟ್ಟಿಗೆ ಉದಯಿಸಿ ಬೇರೆ ಬೇರೆ ಜನಾಂಗಗಳಾಗಿ ಕವಲೊಡೆಯಿತು ಎಂಬುದು ಇದರ ಸಾರ. ಈ ವಾದಕ್ಕೆ ಅಮೆರಿಕ ಖಂಡದಲ್ಲಿಯೂ ಮಾನವಸದೃಶ ವಾನರವೊಂದು ಇದ್ದರೆ ಅನುಕೂಲವಾಗುತ್ತಿತ್ತು. ಡಿ ಲಾಯ್ಸ್ ಅವರ ಚಿತ್ರವು ಆ ಕೊರತೆಯನ್ನು ತುಂಬಿತು.

ಅಮೆರಿಕದ ಮೂಲನಿವಾಸಿಗಳನ್ನು ಉಳಿದ ಮಾನವಕುಲದಿಂದ ಬೇರ್ಪಡಿಸುವ ಈ ಆಲೋಚನೆಗೆ ಯಾವುದೇ ಆಧಾರವಿಲ್ಲ. ಎಲ್ಲ ಮಾನವರೂ ಒಂದೇ ಪ್ರಭೇದಕ್ಕೆ ಸೇರಿದವರು. ಆ ಪ್ರಭೇದದ ಮೂಲ ಆಫ್ರಿಕ. ಅಮೆರಿಕದ ಮೂಲನಿವಾಸಿಗಳ ಪೂರ್ವಜರು ಏಷ್ಯಾದಿಂದ ವಲಸೆ ಬಂದವರು ಎಂಬುದನ್ನು ಪುರಾತತ್ತ್ವ ಮತ್ತು ತಳಿವಿಜ್ಞಾನದ ಅಧ್ಯಯನಗಳು ದೃಢಪಡಿಸಿವೆ.

ಮಾಂಟಂಡನ್ ಅವರ ಜನಾಂಗೀಯ ವಿಚಾರಗಳು ಮುಂದೆ ಘೋರ ಪರಿಣಾಮಗಳಿಗೆ ಕಾರಣವಾದವು. 1940ರಲ್ಲಿ ಅವರು ಯಹೂದಿಗಳನ್ನು ದೇಹಲಕ್ಷಣಗಳಿಂದ ಗುರುತಿಸುವುದು ಹೇಗೆಂದು ಬೋಧಿಸುವ ಪುಸ್ತಕವನ್ನು ಪ್ರಕಟಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ವಿಶಿ ಸರ್ಕಾರದ ಯಹೂದಿ ವಿರೋಧಿ ಆಡಳಿತಕ್ಕೆ ತಜ್ಞರಾಗಿ ಕೆಲಸ ಮಾಡಿ, ವ್ಯಕ್ತಿಗಳ 'ಜನಾಂಗ'ವನ್ನು ನಿರ್ಧರಿಸುವ ಪರೀಕ್ಷೆಗಳನ್ನು ನಡೆಸಿದರು. 1944ರಲ್ಲಿ ಫ್ರೆಂಚ್ ಪ್ರತಿರೋಧ ಹೋರಾಟಗಾರರು ಅವರ ಮೇಲೆ ಗುಂಡಿನ ದಾಳಿ ನಡೆಸಿದರು. ಅವರು ಅದೇ ವರ್ಷ ನಿಧನರಾದರು.

ಛಾಯಾಚಿತ್ರದ ಪರಿಶೀಲನೆ

ಚಿತ್ರ ಪ್ರಕಟವಾದ ವರ್ಷವೇ ಬ್ರಿಟನ್ನಿನ ಅಂಗರಚನಾಶಾಸ್ತ್ರಜ್ಞ ಸರ್ ಆರ್ಥರ್ ಕೀತ್ ಅವರು ಇದು ಜೇಡ ಕೋತಿಯೇ ಹೊರತು ಹೊಸ ವಾನರವಲ್ಲ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಮಂಡನೆಯ ವಿರುದ್ಧ ಎತ್ತಲಾದ ಮುಖ್ಯ ಆಕ್ಷೇಪಗಳು ಹೀಗಿವೆ.

ಬಾಲ: ಚಿತ್ರವನ್ನು ಎದುರಿನಿಂದ ಮಾತ್ರ ತೆಗೆಯಲಾಗಿದೆ. ಬಾಲವು ದೇಹದ ಅಥವಾ ಪೆಟ್ಟಿಗೆಯ ಹಿಂದೆ ಮರೆಯಾಗಿರಬಹುದು, ಕತ್ತರಿಸಲ್ಪಟ್ಟಿರಲೂಬಹುದು. ಬಾಲ ಕಾಣುತ್ತಿಲ್ಲ ಎಂಬ ಮಾತ್ರಕ್ಕೆ ಪ್ರಾಣಿಗೆ ಬಾಲವೇ ಇರಲಿಲ್ಲವೆಂದು ಹೇಳಲಾಗದು.

ಗಾತ್ರ: ಪ್ರಾಣಿಯ ಪಕ್ಕದಲ್ಲಿ ಮನುಷ್ಯನಾಗಲಿ ಅಳತೆಗೋಲಾಗಲಿ ಇಲ್ಲ. ಕುಳಿತಿರುವ ಪೆಟ್ಟಿಗೆಯೇ ಅಳತೆಗೆ ಸಿಗುವ ಮುಖ್ಯ ವಸ್ತು. ಪೆಟ್ಟಿಗೆಯನ್ನು ದೊಡ್ಡದೆಂದು ಭಾವಿಸಿದರೆ ಪ್ರಾಣಿಯೂ ದೊಡ್ಡದಾಗುತ್ತದೆ. ಚಿಕ್ಕದೆಂದು ಭಾವಿಸಿದರೆ ಅದು ಸಾಮಾನ್ಯ ಜೇಡ ಕೋತಿಯ ಅಳತೆಗೆ ಇಳಿಯುತ್ತದೆ. ಜೇಡ ಕೋತಿಯ ತಲೆ ಮತ್ತು ದೇಹದ ಒಟ್ಟು ಉದ್ದ ಸಾಮಾನ್ಯವಾಗಿ 40ರಿಂದ 60 ಸೆಂ.ಮೀ. ಇರುತ್ತದೆ. ಆದರೆ ಅದರ ಕೈಕಾಲುಗಳು ಬಹಳ ಉದ್ದವಾಗಿರುವುದರಿಂದ ಏಕಾಂಗಿಯಾಗಿ ಕುಳ್ಳಿರಿಸಿದ ಚಿತ್ರದಲ್ಲಿ ಅದು ದೊಡ್ಡದಾಗಿ ತೋರಬಲ್ಲದು.

ಹಲ್ಲು: ಮಂಗ, ಮುಸುವ, ಬಾಲವಿಲ್ಲದ ವಾನರಗಳು ಮತ್ತು ಮನುಷ್ಯ ಇವೆಲ್ಲಕ್ಕೂ ಪ್ರೌಢಾವಸ್ಥೆಯಲ್ಲಿ 32 ಹಲ್ಲುಗಳಿರುತ್ತವೆ. ಜೇಡ ಕೋತಿಗೆ 36 ಹಲ್ಲುಗಳು. 32 ಹಲ್ಲುಗಳಿದ್ದವೆಂಬ ಮಾತು ನಿಜವಾಗಿದ್ದರೆ ಅದು ಮಹತ್ವದ ಸಾಕ್ಷ್ಯವಾಗುತ್ತಿತ್ತು. ಆದರೆ ಬುರುಡೆಯೇ ಇಲ್ಲದಿರುವುದರಿಂದ ಹಲ್ಲುಗಳ ಎಣಿಕೆಯನ್ನು ಪರಿಶೀಲಿಸಲು ಸಾಧ್ಯವಿಲ್ಲ.

ದೇಹಲಕ್ಷಣಗಳು: ಅಗಲವಾದ ಮೂಗು, ಹಣೆಯ ಮೇಲಿನ ತಿಳಿಬಣ್ಣದ ಭಾಗ, ನೀಳವಾದ ಕೈಕಾಲುಗಳು ಮತ್ತು ಉದ್ದನೆಯ ಬೆರಳುಗಳು ಜೇಡ ಕೋತಿಯ ಲಕ್ಷಣಗಳಿಗೆ ಹೊಂದುತ್ತವೆ. ಚಿತ್ರದಲ್ಲಿ ಎದ್ದುಕಾಣುವ ಜನನಾಂಗವನ್ನು ನೋಡಿ ಪ್ರಾಣಿ ಗಂಡೆಂದು ಭಾವಿಸುವ ಸಾಧ್ಯತೆಯಿದೆ. ವಾಸ್ತವವಾಗಿ ಹೆಣ್ಣು ಜೇಡ ಕೋತಿಯ ಚಂದ್ರನಾಡಿ ನೀಳವಾಗಿ ಹೊರಚಾಚಿಕೊಂಡಿರುತ್ತದೆ. ಇದು ಈ ಕುಲದ ಕೋತಿಗಳ ಪರಿಚಿತ ಲಕ್ಷಣವಾಗಿದೆ.

ಟೆಜೆರಾ ಅವರ ಪತ್ರ

ವೆನೆಜುವೆಲಾದ ಪ್ರಸಿದ್ಧ ವೈದ್ಯ ಎನ್ರಿಕೆ ಟೆಜೆರಾ ಅವರು 1962ರಲ್ಲಿ ಕರಾಕಸ್‌ನ 'ಎಲ್ ಯೂನಿವರ್ಸಲ್' ಪತ್ರಿಕೆಗೆ ಬರೆದ ಪತ್ರದಲ್ಲಿ ಈ ಪ್ರಕರಣದ ಮತ್ತೊಂದು ಮುಖವನ್ನು ತೆರೆದಿಟ್ಟರು. ತೈಲಕ್ಷೇತ್ರಗಳ ಪ್ರದೇಶದಲ್ಲಿ ಕೆಲಸ ಮಾಡಿದ್ದ ಅವರಿಗೆ ಡಿ ಲಾಯ್ಸ್ ಅವರ ನೇರ ಪರಿಚಯವಿತ್ತು. ಡಿ ಲಾಯ್ಸ್ ತಮಾಷೆ ಮಾಡುವ ಸ್ವಭಾವದವರಾಗಿದ್ದರು. ಅವರ ಬಳಿ ಸಾಕಿದ ಕೋತಿಯೊಂದಿತ್ತು. ಬಾಲಕ್ಕೆ ಕಾಯಿಲೆ ತಗುಲಿದ್ದರಿಂದ ಅದನ್ನು ಕತ್ತರಿಸಬೇಕಾಯಿತು. ಬಳಿಕ ಡಿ ಲಾಯ್ಸ್ ಆ ಕೋತಿಯನ್ನು 'ಕೋತಿಮನುಷ್ಯ' ಎಂದು ಕರೆಯುತ್ತಿದ್ದರು ಎಂದು ಟೆಜೆರಾ ತಿಳಿಸಿದರು. ಕೋತಿ ಸತ್ತಾಗ ಚಿತ್ರವನ್ನು ತೆಗೆಯಲಾಯಿತೆಂಬುದು ಅವರ ಹೇಳಿಕೆ.

ಚಿತ್ರದ ಹಿನ್ನೆಲೆಯಲ್ಲಿ ಬಾಳೆಗಿಡದ ಭಾಗ ಕಾಣುತ್ತದೆ ಎಂಬ ಅಂಶವೂ ಈ ಚರ್ಚೆಯಲ್ಲಿ ಮುಖ್ಯವಾಗಿದೆ. ಬಾಳೆಯು ಅಮೆರಿಕದ ಸ್ಥಳೀಯ ಸಸ್ಯವಲ್ಲ. ಮನುಷ್ಯರು ಅಲ್ಲಿಗೆ ತಂದು ಬೆಳೆಸಿದ ಬೆಳೆ. ಬಾಳೆಗಿಡವಿರುವ ಜಾಗವು ಜನವಸತಿಯ ಸಮೀಪದ್ದಾಗಿರುವ ಸಾಧ್ಯತೆಯೇ ಹೆಚ್ಚು. ಹೊರಗಿನವರು ಕಾಲಿಡದ ದಟ್ಟಕಾಡಿನಲ್ಲಿ ಚಿತ್ರ ತೆಗೆಯಲಾಯಿತೆಂಬ ಕಥನಕ್ಕೆ ಇದು ಹೊಂದುವುದಿಲ್ಲ.

ಟೆಜೆರಾ ಅವರ ಪತ್ರವು ಬಹುಕಾಲ ವೆನೆಜುವೆಲಾದ ಹೊರಗೆ ಗಮನ ಸೆಳೆಯಲಿಲ್ಲ. 1990ರ ದಶಕದ ಕೊನೆಯಲ್ಲಿ ಆ ದೇಶದ ಸಂಶೋಧಕರಾದ ಆಂಜೆಲ್ ವಿಲೋರಿಯಾ, ಬರ್ನಾರ್ಡೊ ಉರ್ಬಾನಿ ಮತ್ತು ಅವರ ಸಹಲೇಖಕರು ಅದನ್ನು ಮತ್ತೆ ಬೆಳಕಿಗೆ ತಂದರು. ಉರ್ಬಾನಿ ಮತ್ತು ವಿಲೋರಿಯಾ 2008ರಲ್ಲಿ ಈ ಪ್ರಕರಣದ ಸಮಗ್ರ ಇತಿಹಾಸವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿ, ಇದನ್ನು ವಂಚನೆಯೆಂದು ನಿರೂಪಿಸಿದರು.

ಬೆಂಬಲದ ವಾದಗಳು

ಅಜ್ಞಾತ ಪ್ರಾಣಿಗಳ ಶೋಧದಲ್ಲಿ ಆಸಕ್ತರಾದ ಕೆಲವರು ಡಿ ಲಾಯ್ಸ್ ಅವರ ಕಥನಕ್ಕೆ ಮಹತ್ವ ನೀಡಿದ್ದಾರೆ. ಬೆಲ್ಜಿಯಂ ಮೂಲದ ಪ್ರಾಣಿವಿಜ್ಞಾನಿ ಬರ್ನಾರ್ಡ್ ಹ್ಯೂವೆಲ್‌ಮನ್ಸ್ ಅವರು 1955ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ವಿವರವಾಗಿ ಚರ್ಚಿಸಿದರು. ಇಂದಿನ ಕೋತಿಗಳಿಗಿಂತ ದೊಡ್ಡದಾದ ಹೊಸ ಜಗತ್ತಿನ ಕೋತಿಗಳು ಹಿಂದೆ ಇದ್ದುದು ನಿಜ. ಬ್ರೆಜಿಲ್‌ನ ಗುಹೆಗಳಲ್ಲಿ ದೊರೆತ ಕೈಪೋರಾ ಮತ್ತು ಪ್ರೋಟೊಪಿಥೆಕಸ್ ಎಂಬ ಪಳೆಯುಳಿಕೆಗಳ ತೂಕವನ್ನು 20 ಕಿಲೋಗ್ರಾಂ ಅಥವಾ ಅದಕ್ಕಿಂತ ಹೆಚ್ಚೆಂದು ಅಂದಾಜು ಮಾಡಲಾಗಿದೆ. ಆದರೆ ಇವು ಜೇಡ ಕೋತಿ ಮತ್ತು ಅದರ ಸಂಬಂಧಿಗಳ ಗುಂಪಿಗೆ ಸೇರಿದ ಕೋತಿಗಳೇ ಆಗಿದ್ದವು, ಬಾಲವಿಲ್ಲದ ವಾನರಗಳಲ್ಲ. ಆದ್ದರಿಂದ ಇವು ಮಾಂಟಂಡನ್ ಅವರ ವಾದಕ್ಕೆ ಪುರಾವೆಯಾಗುವುದಿಲ್ಲ.

ವೈಜ್ಞಾನಿಕ ಸ್ಥಾನ

ಹೊಸ ಪ್ರಭೇದವೊಂದನ್ನು ವಿವರಿಸುವಾಗ ಇತರರೂ ಪರೀಕ್ಷಿಸಬಹುದಾದ ಮಾದರಿಯನ್ನು ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಿಸುವುದು ಪ್ರಾಣಿವಿಜ್ಞಾನದ ಸಾಮಾನ್ಯ ಕ್ರಮ. 1902ರಲ್ಲಿ ಪಾಶ್ಚಾತ್ಯ ವಿಜ್ಞಾನಕ್ಕೆ ಪರಿಚಯವಾದ ಬೆಟ್ಟದ ಗೊರಿಲ್ಲಾಕ್ಕೆ ಮನ್ನಣೆ ದೊರೆತುದು ಅದರ ಅವಶೇಷಗಳನ್ನು ಪರಿಶೀಲಿಸಲು ಸಾಧ್ಯವಾದುದರಿಂದ. ಡಿ ಲಾಯ್ಸ್ ವಾನರದ ವಿಷಯದಲ್ಲಿ ಅಂತಹ ಯಾವುದೇ ಮಾದರಿಯಿಲ್ಲ. 1929ರ ನಂತರ ಆ ಪ್ರದೇಶದಿಂದ ಬಾಲವಿಲ್ಲದ ವಾನರದ ಅವಶೇಷವೂ ಬಂದಿಲ್ಲ. ಅಮೆರಾಂತ್ರೊಪಾಯಿಡಿಸ್ ಲಾಯ್ಸಿ ಎಂಬ ಹೆಸರನ್ನು ಇಂದು ಜೇಡ ಕೋತಿಗಳ ಕುಲವಾದ ಏಟೆಲಿಸ್‌ನ ಪರ್ಯಾಯ ನಾಮವಾಗಿ ಮಾತ್ರ ಪರಿಗಣಿಸಲಾಗುತ್ತದೆ.

ಜೇಡ ಕೋತಿಯ ಇಂದಿನ ಸ್ಥಿತಿ

ಡಿ ಲಾಯ್ಸ್ ಸಂಚರಿಸಿದ ಪ್ರದೇಶವು ಕಂದು ಜೇಡ ಕೋತಿ, ಅಂದರೆ ಏಟೆಲಿಸ್ ಹೈಬ್ರಿಡಸ್ ಪ್ರಭೇದದ ನೆಲೆಯಾಗಿದೆ. ಈ ಕೋತಿ ಉತ್ತರ ಕೊಲಂಬಿಯಾ ಮತ್ತು ವಾಯವ್ಯ ವೆನೆಜುವೆಲಾದಲ್ಲಿ ಮಾತ್ರ ಕಂಡುಬರುತ್ತದೆ. ಹಣ್ಣುಗಳೇ ಇದರ ಮುಖ್ಯ ಆಹಾರವಾಗಿದ್ದು, ಬೀಜಗಳನ್ನು ಕಾಡಿನಲ್ಲಿ ಹರಡುವುದರಿಂದ ಮರಗಳ ಪುನರುತ್ಪತ್ತಿಗೆ ನೆರವಾಗುತ್ತದೆ. ಹೆಣ್ಣು ಜೇಡ ಕೋತಿ ಒಂದು ಬಾರಿಗೆ ಸಾಮಾನ್ಯವಾಗಿ ಒಂದೇ ಮರಿಗೆ ಜನ್ಮ ನೀಡುತ್ತದೆ. ಎರಡು ಹೆರಿಗೆಗಳ ನಡುವೆ ಹಲವು ವರ್ಷಗಳ ಅಂತರವಿರುವುದರಿಂದ ಬೇಟೆಗೆ ಬಲಿಯಾದವುಗಳ ಸ್ಥಾನ ಬೇಗ ತುಂಬುವುದಿಲ್ಲ. ಕಾಡಿನ ನಾಶ, ಬೇಟೆ ಮತ್ತು ಸಾಕುವುದಕ್ಕಾಗಿ ಹಿಡಿಯುವಿಕೆಯಿಂದ ಈ ಪ್ರಭೇದವು ಅಳಿವಿನ ಅಂಚಿಗೆ ತಲುಪಿದ್ದು, ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ತೀವ್ರ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿದೆ.