ಉಳಿಗಿಂತ ಮೊದಲು ಸಾಣೆ: ಮನೆಯ ಮರಗೆಲಸಕ್ಕೆ ಮಿರಜ ಕಲಿಸುವ ಪಾಠ

ಮಿರಜಿನ ಸಿತಾರಮೇಕರ್ ಗಲ್ಲಿಯಲ್ಲಿ ಮನೆಯ ಮುಂಗೋಣೆಯೇ ಕಾರ್ಯಾಗಾರ. ಕುಶಲಕರ್ಮಿಯು ನೆಲದ ಮೇಲೆ ಕುಳಿತು, ತೂನ್ ಮರದ ದಂಡಿಯನ್ನು ಪಾದಗಳ ನಡುವೆ ಬಿಗಿಹಿಡಿದು ಉಳಿಯಾಡಿಸುತ್ತಾನೆ. ಹಿಂದೆ ಒಣಗಿದ ಸೋರೆಬುರುಡೆಗಳ ಸಾಲು. ಕೈಗೆಟುಕುವಷ್ಟರಲ್ಲಿ ಒಂದೆರಡು ಗರಗಸ, ನಾಲ್ಕೈದು ಉಳಿ, ಬಾಚಿ, ಅರಗಳು, ಬೈರಿಗೆ ಮತ್ತು ಒಂದು ಸಾಣೆಕಲ್ಲು. ಇಂತಹ ಉಪಕರಣಗಳಿಂದ ರೂಪುಗೊಂಡ ಮಿರಜಿನ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ.

ಈ ಕಸುಬಿನ ಮೂಲದಲ್ಲಿಯೇ ಒಂದು ಪಾಠ ಅಡಗಿದೆ. ಇಲ್ಲಿ ತಂತಿವಾದ್ಯಗಳನ್ನು ಮಾಡಲು ತೊಡಗಿದವರು ಶಿಕಲಗಾರರು. ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿದು ಹೊಳಪು ಕೊಡುವುದು ಅವರ ಕುಲಕಸುಬಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳ ಬೇಡಿಕೆ ಕುಗ್ಗಿತು. ಇತ್ತ ಪಟವರ್ಧನ ಸಂಸ್ಥಾನಿಕರ ಆಶ್ರಯಕ್ಕೆ ಬಂದ ಸಂಗೀತಗಾರರ ವಾದ್ಯಗಳು ದುರಸ್ತಿಗೆ ಬರತೊಡಗಿದವು. ಫರೀದಸಾಹೇಬರೆಂಬ ಕುಶಲಕರ್ಮಿಯ ಹೆಸರಿನೊಂದಿಗೆ ಆರಂಭವಾಗುವ ಈ ಪರಂಪರೆ ತಲೆಮಾರುಗಳನ್ನು ದಾಟಿ ಬಂದಿದೆ. ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರೂ ಇದೇ. ಮಿರಜಿನ ತಂಬೂರಿ ಧಾರವಾಡ ಸೀಮೆಯ ಸಂಗೀತದ ಮನೆಗಳಿಗೆ ಹೊಸತಲ್ಲ. ನಾವು ಗಮನಿಸಬೇಕಾದುದು ಇಷ್ಟು: ಆ ಜನ ಮೊದಲು ಸಾಣೆ ಬಲ್ಲವರಾಗಿದ್ದರು, ಮರಗೆಲಸವನ್ನು ಆಮೇಲೆ ಕಲಿತರು.

ಇಂದು ಸಾಂಗ್ಲಿ, ಮಿರಜ, ಜತ್ತ ಭಾಗದ ಹಲವು ಕನ್ನಡ ಮನೆಗಳಲ್ಲಿ ಬಿಡುವಿನ ವೇಳೆಗೆಂದೋ ಉಪಜೀವನಕ್ಕೆಂದೋ ಮರಗೆಲಸದ ಮೂಲೆಯೊಂದು ಸಿದ್ಧವಾಗುತ್ತಿದೆ. ಹಾಗೆ ಆರಂಭಿಸುವವರು ಹಣವನ್ನೆಲ್ಲ ಉಪಕರಣಗಳಿಗೆ ಸುರಿದು ಸಾಣೆಕಲ್ಲನ್ನು ಮರೆಯುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಹನ್ನೆರಡು ಉಳಿಗಳ ಒಂದು ಕಟ್ಟನ್ನು ಅಗ್ಗಕ್ಕೆ ಕೊಂಡು ತಂದು, ವರ್ಷ ಕಳೆಯುವುದರೊಳಗೆ ಒಂಬತ್ತನ್ನು ಮೂಲೆಗೆ ಸೇರಿಸಿದೆವು. ಉಳಿದ ಮೂರನ್ನು ಹರಿತವಾಗಿ ಇಟ್ಟುಕೊಂಡ ಮೇಲೆಯೇ ಕೆಲಸ ಸಾಗಿತು.

ಯಾವುದನ್ನು ಕೊಳ್ಳಬೇಕು?

ಮೊದಲ ವರ್ಷಕ್ಕೆ ಸಾಕಾಗುವ ಪಟ್ಟಿ ಚಿಕ್ಕದು. ಅಡ್ಡ ಕೊಯ್ಯಲು ಒಂದು ಗರಗಸ, ಕಾಲಿಂಚು, ಅರ್ಧ ಇಂಚು, ಮುಕ್ಕಾಲು ಇಂಚಿನ ಮೂರು ಉಳಿ, ಒಂದು ಉಜ್ಜುಗೊರಡು, ಮರದ ಕೊಡತಿ, ಮೂಲೆಮಟ್ಟ, ಅಳತೆಪಟ್ಟಿ, ಅರ್ಧದುಂಡಿನ ಒಂದು ಅರ, ಎರಡು ಮೂರು ಶಿಕಂಜಿ. ಇವುಗಳ ಜೊತೆಗೆ ಒರಟು ಮತ್ತು ನಯ ಎರಡೂ ಮುಖಗಳುಳ್ಳ ಸಾಣೆಕಲ್ಲು. ಹಣ ಕಡಿಮೆ ಬಿದ್ದರೆ ಒಂದು ಉಳಿಯನ್ನು ಬಿಡಬಹುದು, ಕಲ್ಲನ್ನು ಬಿಡುವಂತಿಲ್ಲ.

ಗಡಿಭಾಗದ ಪೇಟೆಯಲ್ಲಿ ಹೆಸರುಗಳ ತೊಡಕೂ ಉಂಟು. ನಮ್ಮ ಉಳಿ ಇಲ್ಲಿನ ಅಂಗಡಿಯಲ್ಲಿ ‘ಪಟಾಶಿ’. ಗರಗಸಕ್ಕೆ ‘ಕರವತ’, ಬಾಚಿಗೆ ‘ವಾಕಸ’, ಉಜ್ಜುಗೊರಡಿಗೆ ‘ರಂಧಾ’, ಅರಕ್ಕೆ ‘ಕಾನಸ’ ಎನ್ನುತ್ತಾರೆ. ಬೈರಿಗೆಯನ್ನು ಕೇಳುವಾಗ ‘ಗಿರಮಿಟ’ ಎನ್ನಬೇಕು. ಹುಬ್ಬಳ್ಳಿ ಕಡೆಯ ನೆಂಟರಿಗೆ ಆ ಪದ ಕೇಳಿದರೆ ನೆನಪಾಗುವುದು ಚುರುಮುರಿಯ ತಿಂಡಿ. ಎರಡೂ ಹೆಸರುಗಳನ್ನು ಮಕ್ಕಳಿಗೆ ಕಲಿಸುವುದು ಒಳ್ಳೆಯದು. ಪೇಟೆಯ ಹೆಸರು ವ್ಯವಹಾರಕ್ಕೆ ಬೇಕು. ಮನೆಯ ಹೆಸರನ್ನು ನಾವು ಬಳಸದಿದ್ದರೆ ಇಲ್ಲಿ ಬೇರೆ ಯಾರೂ ಬಳಸುವವರಿಲ್ಲ.

ಅಂಗಡಿಯಲ್ಲಿ ಪರೀಕ್ಷಿಸುವ ಬಗೆ

ಗರಗಸವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹಿಡಿಯ ಕಡೆಯಿಂದ ತುದಿಯವರೆಗೆ ನೋಡಬೇಕು. ಅಲಗು ನೇರವಾಗಿರಬೇಕು, ಹಲ್ಲುಗಳು ಒಂದು ಬಿಟ್ಟು ಒಂದರಂತೆ ಎಡಕ್ಕೂ ಬಲಕ್ಕೂ ಸಮನಾಗಿ ಬಾಗಿರಬೇಕು. ಈ ಬಾಗುವಿಕೆಯಿಂದಲೇ ಕೊಯ್ತದ ಗಾಲಿ ಅಲಗಿಗಿಂತ ತುಸು ಅಗಲವಾಗಿ, ಗರಗಸ ಮರದಲ್ಲಿ ಸಿಕ್ಕಿಕೊಳ್ಳದೆ ಓಡಾಡುತ್ತದೆ.

ಉಜ್ಜುಗೊರಡಿನ ತಳವನ್ನು ದಪ್ಪ ಗಾಜಿನ ಮೇಲಿಟ್ಟು ನೋಡಬೇಕು. ಅಲುಗಾಡಿದರೆ ತಳ ತಿರುಚಿಕೊಂಡಿದೆ ಎಂದರ್ಥ. ಉಳಿಯ ಹಿಡಿಯಲ್ಲಿ ಮರದ ಎಳೆಗಳು ಉದ್ದಕ್ಕೂ ನೇರವಾಗಿ ಸಾಗಿರಬೇಕು. ಓರೆಯಾದ ಎಳೆ ಕೊಡತಿಯ ಪೆಟ್ಟಿಗೆ ಸೀಳುತ್ತದೆ. ಹಿಡಿ ಹೋದ ಹಳೆಯ ಉಳಿಗೆ ನಮ್ಮ ಹೊಲದ ಬದುವಿನ ಜಾಲಿಯೇ ಒಳ್ಳೆಯ ಹಿಡಿಯಾಗುತ್ತದೆ.

ಸಂತೆಯ ಹಳೆಯ ಕಬ್ಬಿಣದ ರಾಶಿಯಲ್ಲಿ ಕೆಲವೊಮ್ಮೆ ಹೊಸದಕ್ಕಿಂತ ಮೇಲಾದ ಉಳಿ ಸಿಗುತ್ತದೆ. ಅದರ ಅಂಚಿಗೆ ಅರವನ್ನು ಮೆಲ್ಲಗೆ ತಾಗಿಸಿ ನೋಡಬೇಕು. ಅರ ಸುಲಭವಾಗಿ ಕಚ್ಚಿದರೆ ಉಕ್ಕು ಮೆದುವಾಗಿದೆ, ಹರಿತ ನಿಲ್ಲುವುದಿಲ್ಲ. ಜಾರುತ್ತ ಅಲ್ಪಸ್ವಲ್ಪವೇ ಕಚ್ಚಿದರೆ ಹದ ಸರಿಯಾಗಿದೆ. ಮೇಲಿನ ತೆಳು ತುಕ್ಕಿಗೆ ಹೆದರಬೇಕಿಲ್ಲ. ಅಂಚಿನ ಬಳಿ ಆಳವಾದ ಗುಳಿಗಳಿದ್ದರೆ ಮಾತ್ರ ಬಿಟ್ಟುಬಿಡಬೇಕು.

ಸಾಣೆಯ ಕ್ರಮ

ಹರಿತವೆಂದರೆ ಎರಡು ಸಮತಲಗಳು ಒಂದೇ ಗೆರೆಯಲ್ಲಿ ಕೂಡುವುದು. ಆದುದರಿಂದ ಉಳಿಯ ಬೆನ್ನನ್ನು ಮೊದಲು ಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟು, ಅಂಚಿನ ಬಳಿ ಕನ್ನಡಿಯಂತೆ ಹೊಳೆಯುವವರೆಗೆ ತೀಡಬೇಕು. ಈ ಕೆಲಸ ಒಂದು ಉಳಿಗೆ ಒಮ್ಮೆ ಮಾತ್ರ. ಅನಂತರ ಓರೆಮುಖ. ಸಾಮಾನ್ಯ ಕೆಲಸಕ್ಕೆ 25 ಡಿಗ್ರಿಯ ಓರೆ, ಅದರ ತುದಿಯಲ್ಲಿ 30 ಡಿಗ್ರಿಯ ಕಿರು ಅಂಚು ಸಾಕು. ಒರಟು ಮುಖದ ಮೇಲೆ ತೀಡುತ್ತಿರುವಾಗ ಬೆನ್ನಿನ ಕಡೆ ಬೆರಳಿಗೆ ತಾಗುವಂತೆ ಸಣ್ಣ ಗರಿಯೊಂದು ಏಳುತ್ತದೆ. ಅದು ಅಂಚಿನ ಉದ್ದಕ್ಕೂ ಎದ್ದ ಮೇಲೆಯೇ ನಯವಾದ ಮುಖಕ್ಕೆ ಹೋಗಬೇಕು. ಕೊನೆಗೆ ಹಳೆಯ ತೊಗಲಿನ ಪಟ್ಟಿಯ ಮೇಲೆ ಹಿಮ್ಮುಖವಾಗಿ ಹತ್ತಾರು ಬಾರಿ ಎಳೆದರೆ ಗರಿ ಉದುರುತ್ತದೆ. ಮೆದು ಮರದ ತುದಿಯನ್ನು ಎಳೆಗೆ ಅಡ್ಡವಾಗಿ ಸವರಿ ನೋಡಿರಿ. ನಾರು ಚೂರಾಗದೆ ನುಣುಪಾದ ಕೊಯ್ತ ಬಂದರೆ ಉಳಿ ಸಿದ್ಧ.

ಕಲ್ಲಿಗೂ ಆರೈಕೆ ಬೇಕು. ಬಳಸುತ್ತ ಬಳಸುತ್ತ ಅದರ ನಡು ತಗ್ಗಾಗುತ್ತದೆ, ತಗ್ಗಾದ ಕಲ್ಲು ಉಳಿಯ ಅಂಚನ್ನು ಬಿಲ್ಲಾಗಿಸುತ್ತದೆ. ಗಾಜಿನ ಮೇಲೆ ಒರಟು ಮರಳುಕಾಗದ ಹರಡಿ, ನೀರು ಚಿಮುಕಿಸಿ ಕಲ್ಲನ್ನೇ ಉಜ್ಜಿದರೆ ಮತ್ತೆ ಮಟ್ಟಕ್ಕೆ ಬರುತ್ತದೆ. ವಿದ್ಯುತ್ ಸಾಣೆಚಕ್ರ ಬಳಸುವವರು ಉಳಿಯನ್ನು ಕ್ಷಣಕ್ಷಣಕ್ಕೂ ನೀರಿಗೆ ಅದ್ದಬೇಕು. ಅಂಚು ನೀಲಿಯಾಯಿತೆಂದರೆ ಕಾವು ಸುಮಾರು 300 ಡಿಗ್ರಿಗೆ ಏರಿ ಉಕ್ಕಿನ ಹದ ಹೋಯಿತೆಂದೇ ತಿಳಿಯಬೇಕು. ಆ ಭಾಗವನ್ನು ಸವೆಸಿ ತೆಗೆಯದೆ ಬೇರೆ ದಾರಿಯಿಲ್ಲ.

ಉಪಕರಣದ ಸೂಕ್ಷ್ಮತೆ ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಮಿರಜಿನಲ್ಲಿಯೇ ಸಾಕ್ಷಿಯಿದೆ. ತಂಬೂರಿಯ ಕುದುರೆಯ ಮೇಲ್ಮೈಯನ್ನು ಸಣ್ಣ ಅರದಿಂದ ತೀಡಿ ‘ಜವಾರಿ’ ತೆಗೆಯುತ್ತಾರೆ. ಆ ಮೇಲ್ಮೈಯ ಅತಿ ಸಣ್ಣ ಇಳುಕಲಿನ ಮೇಲೆ ತಂತಿ ತಾಗಿ ತಾಗದಂತೆ ಕಂಪಿಸಿದಾಗ ತಂಬೂರಿಯ ತುಂಬುನಾದ ಹೊಮ್ಮುತ್ತದೆ. ಅರದ ಒಂದು ಎಳೆತ ಹೆಚ್ಚಾದರೂ ನಾದ ಒಡೆಯುತ್ತದೆ. ಮೊಂಡಾದ ಅರದಿಂದ ಇಂತಹ ಕೆಲಸ ಸಾಧ್ಯವಿಲ್ಲ. ಅರದ ಹಲ್ಲುಗಳಲ್ಲಿ ಸಿಕ್ಕ ಪುಡಿಯನ್ನು ತಂತಿಬ್ರಷ್‌ನಿಂದ ಆಗಾಗ ತೆಗೆಯಬೇಕು, ಅರಗಳನ್ನು ಒಂದರ ಮೇಲೊಂದು ರಾಶಿ ಹಾಕಬಾರದು.

ವಿದ್ಯುತ್ ಯಂತ್ರಗಳ ವಿಷಯದಲ್ಲಿ

ಡ್ರಿಲ್ ಯಂತ್ರವೊಂದು ಮನೆಯಲ್ಲಿದ್ದರೆ ಅನುಕೂಲ. ಆದರೆ ಕಬ್ಬಿಣ ಕೊಯ್ಯುವ ಆ್ಯಂಗಲ್ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲುಚಕ್ರ ಜೋಡಿಸಿ ಬಳಸುವ ರೂಢಿ ನಮ್ಮ ಕಡೆ ಹಬ್ಬಿದೆ. ಅದನ್ನು ಕೈಬಿಡಬೇಕೆಂದು ನಾವು ಒತ್ತಿ ಹೇಳುತ್ತೇವೆ. ಆ ಯಂತ್ರದ ವೇಗ ಮರಕ್ಕೆ ಹೇಳಿಸಿದ್ದಲ್ಲ. ಹಲ್ಲು ಸಿಕ್ಕಿಕೊಂಡೊಡನೆ ಯಂತ್ರ ಹಿಂದಕ್ಕೆ ಸಿಡಿದು ಕೈಗೋ ಕುತ್ತಿಗೆಗೋ ಬಡಿಯುತ್ತದೆ. ಯಾವ ಯಂತ್ರದಲ್ಲೇ ಆಗಲಿ ಅಲಗು ಬದಲಿಸುವ ಮೊದಲು ಪ್ಲಗ್ ಕಿತ್ತಿಡಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಬೇಕು. ತಿರುಗುವ ಯಂತ್ರದ ಬಳಿ ಕೈಗವಸು, ಇಳಿಬಿದ್ದ ಸೆರಗು, ಧೋತರದ ಚುಂಗು ಸಲ್ಲದು.

ಮಳೆ, ನೆರೆ, ತುಕ್ಕು

ಮಿರಗದ ಮಳೆಗೆ ಮೊದಲು ಒಂದು ಸಂಜೆಯನ್ನು ಉಪಕರಣಗಳಿಗೆ ಮೀಸಲಿಡಿರಿ. ಕಬ್ಬಿಣದ ಭಾಗಗಳಿಗೆ ಮಶೀನ್ ಎಣ್ಣೆಯನ್ನು ತೆಳುವಾಗಿ ಸವರಿ, ಪೆಟ್ಟಿಗೆಯಲ್ಲಿ ಹಳೆಯ ರೂಢಿಯಂತೆ ಒಂದೆರಡು ಕರ್ಪೂರದ ಬಿಲ್ಲೆ ಇಡಬಹುದು. ಮರದ ಹಿಡಿಗಳಿಗೆ ಅಗಸೆ ಎಣ್ಣೆ ಉತ್ತಮ. ಕಬ್ಬಿಣಕ್ಕೆ ಅದು ಬೇಡ, ಒಣಗಿ ಅಂಟಾಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಯಾಗಿ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಬಿಡಿಸಿ ಒಣಹಾಕಬೇಕು.

ಕೃಷ್ಣೆಯ ದಡದವರಿಗೆ ಇನ್ನೂ ದೊಡ್ಡ ಆತಂಕವಿದೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ನೆರೆಯಲ್ಲಿ ಸಾಂಗ್ಲಿಯ ಮನೆ, ಅಂಗಡಿಗಳು ನೀರಿನಲ್ಲಿ ನಿಂತುದನ್ನು ಯಾರೂ ಮರೆತಿಲ್ಲ. ನೆರೆ ಇಳಿದ ಮೇಲೆ ಮೊದಲು ರಾಡಿಯನ್ನು ಶುದ್ಧ ನೀರಿನಿಂದ ತೊಳೆಯಬೇಕು. ಒಣಗಿದ ರೇವೆ ಮರಳುಕಾಗದದಂತೆ ಲೋಹವನ್ನು ಗೀರುತ್ತದೆ. ಮರದ ಉಜ್ಜುಗೊರಡುಗಳನ್ನು ಬಿಸಿಲಿಗಿಟ್ಟರೆ ಬಿರಿಯುತ್ತವೆ, ನೆರಳಿನಲ್ಲಿಯೇ ಒಣಗಿಸಬೇಕು. ತುಕ್ಕು ಹಿಡಿದ ಉಳಿಯನ್ನು ಒಂದು ರಾತ್ರಿ ವಿನೆಗರಿನಲ್ಲಿ ನೆನೆಯಿಟ್ಟು, ಉಜ್ಜಿ, ಅಡಿಗೆ ಸೋಡಾ ಬೆರೆತ ನೀರಿನಲ್ಲಿ ತೊಳೆದು, ಕೂಡಲೇ ಒರೆಸಿ ಎಣ್ಣೆ ಹಚ್ಚಬೇಕು. ನೀರು ಹೊಕ್ಕ ವಿದ್ಯುತ್ ಯಂತ್ರವನ್ನು ‘ನಡೆಯುತ್ತದೆಯೋ’ ಎಂದು ಹಚ್ಚಿ ನೋಡಬಾರದು; ಬಲ್ಲವರಿಂದ ಬಿಚ್ಚಿಸಿ ಒಣಗಿಸಬೇಕು.

ಉಪಕರಣಕ್ಕೆ ಸರ್ಕಾರದ ನೆರವು

ಕಸುಬನ್ನೇ ನಂಬಿದವರಿಗೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಿದೆ. ನೋಂದಾಯಿತ ಕುಶಲಕರ್ಮಿಗೆ ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿವರೆಗಿನ ಇ-ವೋಚರ್, ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಹಂತದಲ್ಲಿ 1 ಲಕ್ಷ, ಎರಡನೆಯ ಹಂತದಲ್ಲಿ 2 ಲಕ್ಷ ರೂಪಾಯಿವರೆಗೆ ಸಾಲ ದೊರೆಯುತ್ತದೆ. 18 ವರ್ಷ ತುಂಬಿರಬೇಕು. ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಅವಕಾಶ. ನೋಂದಣಿ ಸಾಮಾನ್ಯ ಸೇವಾ ಕೇಂದ್ರಗಳಲ್ಲಿ ನಡೆಯುತ್ತದೆ. ಹವ್ಯಾಸಕ್ಕೆ ಮರಗೆಲಸ ಮಾಡುವವರಿಗೆ ಇದು ಅನ್ವಯಿಸದು.

ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಬಡಗಿಯಿದ್ದಾನೆ. ಶಸ್ತ್ರ ತಯಾರಿಸುವವನೂ ಇದ್ದಾನೆ. ಸಂಗೀತವಾದ್ಯ ತಯಾರಿಸುವವನ ಹೆಸರು ಮಾತ್ರ ಪ್ರತ್ಯೇಕವಾಗಿಲ್ಲ. ಶಸ್ತ್ರವನ್ನು ಬಿಟ್ಟು ಸಿತಾರ ಹಿಡಿದವರ ಊರಿನಲ್ಲಿ ನಿಂತು ನೋಡಿದಾಗ ಈ ಕೊರತೆ ಎದ್ದು ಕಾಣುತ್ತದೆ. ಭೌಗೋಳಿಕ ಗುರುತು ನೀಡಿ ವಾದ್ಯವನ್ನು ಗೌರವಿಸಿದ ಸರ್ಕಾರ, ಅದನ್ನು ಮಾಡುವ ಕೈಯನ್ನೂ ಪಟ್ಟಿಗೆ ಸೇರಿಸಬೇಕೆಂಬುದು ನಮ್ಮ ಆಗ್ರಹ. ಜತ್ತ ತಾಲೂಕಿನ ಕನ್ನಡ ಬಡಗಿಗಳು ಅರ್ಹರಾಗಿದ್ದೂ ಮರಾಠಿ ಅರ್ಜಿಯ ಭಾಷೆಗೆ ಅಂಜಿ ಹಿಂದೆ ಉಳಿಯಬಾರದು. ಓದು ಬಲ್ಲ ಮನೆಯ ಮಕ್ಕಳು ಜೊತೆಗೆ ಹೋಗಿ ಅರ್ಜಿ ತುಂಬಿಸಲಿ.

ಅಟ್ಟದ ಮೇಲೆ ಅಜ್ಜನ ಉಳಿಯೊಂದು ಇದ್ದೀತು. ಹೊಸದನ್ನು ಕೊಳ್ಳುವ ಮೊದಲು ಅದನ್ನು ಕೆಳಗಿಳಿಸಿ, ಬೆನ್ನು ತೀಡಿ, ಅಂಚು ಹಿಡಿದು, ಒಂದು ತುಂಡು ಮರದ ಮೇಲೆ ಆಡಿಸಿ ನೋಡೋಣ.