ಹಿಂದೆ ಕೂತವರ ಕೈ

ಜಯನಗರದ ಓದುಗರೊಬ್ಬರ ಪ್ರಶ್ನೆ: 'ನಾಲ್ಕನೇ ಬ್ಲಾಕಿನಿಂದ ಜಯದೇವ ಆಸ್ಪತ್ರೆಗೆ ಮೂರು ನಾಲ್ಕು ಕಿಲೋಮೀಟರ್. ಆಂಬ್ಯುಲೆನ್ಸಿನಲ್ಲಿ ಆಕ್ಸಿಜನ್, ಮಾನಿಟರ್ ಎಲ್ಲ ಇರುತ್ತೆ. ಅಷ್ಟು ದೂರಕ್ಕೂ ಜೊತೆಗೆ ನರ್ಸ್ ಬೇಕೇ? ಮನೆಯವರು ಕೂತರೆ ಸಾಲದೇ?'

ಗಂಟಲಿಗೆ ಟ್ಯೂಬ್ ಹಾಕಿದ ರೋಗಿಯಾದರೆ ಖಂಡಿತ ಸಾಲದು. ಇಲ್ಲಿ ದೂರದ ಲೆಕ್ಕವೇ ಬರುವುದಿಲ್ಲ. ಹಾಸಿಗೆಯಿಂದ ಸ್ಟ್ರೆಚರಿಗೆ ಎತ್ತುವಾಗ ಗದ್ದ ಎದೆಯತ್ತ ಬಾಗಿದರೆ ಟ್ಯೂಬ್ ಕೆಳಗಿಳಿಯುತ್ತದೆ. ಬಲಗಡೆಯ ಶ್ವಾಸನಾಳ ಹೆಚ್ಚು ನೇರವಾಗಿರುವುದರಿಂದ ಅದರೊಳಗೇ ಹೊಕ್ಕು, ಎಡ ಶ್ವಾಸಕೋಶಕ್ಕೆ ಗಾಳಿ ಹೋಗದಂತಾಗಬಹುದು. ತಲೆ ಹಿಂದಕ್ಕೆ ವಾಲಿದರೆ ಟ್ಯೂಬ್ ಮೇಲಕ್ಕೆ ಬರುತ್ತದೆ, ಕಳಚಲೂಬಹುದು. ಸೈರನ್ ಗದ್ದಲದಲ್ಲಿ ಸ್ಟೆತಾಸ್ಕೋಪಿನಲ್ಲಿ ಉಸಿರಿನ ಸದ್ದು ಕೇಳಿಸದು. ರಕ್ತದ ಆಕ್ಸಿಜನ್ ತೋರಿಸುವ ಬೆರಳಿನ ಕ್ಲಿಪ್ಪು ತಡವಾಗಿ ಎಚ್ಚರಿಸುತ್ತದೆ. ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಇದ್ದರೆ ಟ್ಯೂಬ್ ಕಳಚಿದ ಸುಳಿವು ಕೆಲವೇ ಉಸಿರಿನಲ್ಲಿ ಸಿಗುತ್ತದೆ. ಅದರ ಪರದೆಯ ಗೆರೆಯನ್ನು ಓದಬಲ್ಲವರು ಪಕ್ಕದಲ್ಲಿರಬೇಕು.

ವೆಂಟಿಲೇಟರ್ ಕೈಕೊಟ್ಟರೆ ಉಳಿಯುವುದು ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್. ಅದರ ಕತೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿತು. ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ನೂರಾರು, ಯಂತ್ರಗಳು ಬೆರಳೆಣಿಕೆಯಷ್ಟು. ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸನ್ ರೋಗಿಯ ಕತ್ತಿನಲ್ಲಿ ರಂಧ್ರ ಮಾಡಿಸಿ, ರಬ್ಬರ್ ಚೀಲ ಒತ್ತಿ ಗಾಳಿ ತುಂಬುವ ದಾರಿ ತೋರಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು, ಹಗಲೂ ರಾತ್ರಿ ಚೀಲ ಒತ್ತಿ ಜೀವ ಉಳಿಸಿದರು. ಆ ಚೀಲ ಉಬ್ಬಲು ಸಿಲಿಂಡರಿನ ಗ್ಯಾಸ್ ಬೇಕಿತ್ತು. ಕೈಬಿಟ್ಟರೆ ತಾನೇ ಉಬ್ಬಿ ಸುತ್ತಲಿನ ಗಾಳಿಯನ್ನೇ ಎಳೆದುಕೊಳ್ಳುವ ಚೀಲವನ್ನು, ಅಂದರೆ ಈ ಅಂಬುವನ್ನು, 1956ರ ಹೊತ್ತಿಗೆ ಬಳಕೆಗೆ ತಂದವರು ಅದೇ ದೇಶದ ಹೆನ್ನಿಂಗ್ ರೂಬೆನ್.

ಒತ್ತುವುದು ಸುಲಭವೆಂದು ಕಾಣುತ್ತದೆ. ವಯಸ್ಕರಿಗೆ ಐದಾರು ಸೆಕೆಂಡಿಗೊಂದು ಸಲ ಸಾಕು, ಗಾಬರಿಯಾದ ಕೈ ಅದಕ್ಕಿಂತ ಬೇಗ ಒತ್ತುತ್ತದೆ. ಎದೆಯೊಳಗೆ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಬಿಪಿ ಕುಸಿಯುತ್ತದೆ. ಗಾಳಿ ಕೊಟ್ಟಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಅಪಾಯಕಾರಿ.

ಆಕ್ಸಿಜನ್ನಿಗೂ ಲೆಕ್ಕವಿದೆ. ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್. ನಿಮಿಷಕ್ಕೆ 15 ಲೀಟರ್ ಹರಿಸಿದರೆ 100 ನಿಮಿಷ. ಅರ್ಧ ಖಾಲಿಯಾದ ಸಿಲಿಂಡರ್ ಹಿಡಿದು ಬನ್ನೇರುಘಟ್ಟ ರಸ್ತೆಯ ಸಂಜೆ ಟ್ರಾಫಿಕ್ಕಿಗೆ ಇಳಿಯುವ ಮುಂಚೆ ಯಾರಾದರೂ ಗೇಜ್ ನೋಡಿರಬೇಕು.

2008ರ ನವೆಂಬರಿನಲ್ಲಿ ರಾಜ್ಯದಲ್ಲಿ ಶುರುವಾದ 108 ಸೇವೆಯಲ್ಲಿ ಪೈಲಟ್ (ಚಾಲಕ) ಜೊತೆಗೆ ತುರ್ತು ವೈದ್ಯಕೀಯ ತಂತ್ರಜ್ಞ (ಇಎಂಟಿ) ಇರಬೇಕೆಂಬುದು ವ್ಯವಸ್ಥೆಯ ಭಾಗ. ಖಾಸಗಿ ಗಾಡಿ ಕರೆಸುವಾಗ, ಅದರ ಮೇಲೆ 'ಐಸಿಯು' ಎಂದು ಎಷ್ಟೇ ದೊಡ್ಡದಾಗಿ ಬರೆದಿರಲಿ, ಬಾಡಿಗೆ ಮಾತಾಡುವ ಮೊದಲು ಇಷ್ಟು ಕೇಳಿ: ಹಿಂದೆ ಯಾರು ಕೂರುತ್ತಾರೆ, ಅಂಬು ಹಿಡಿಯಲು ಅವರಿಗೆ ಬರುತ್ತದೆಯೇ?